ಕೆಮ್ಮಿಗೆ ಅಡ್ಡಿಯಿಲ್ಲ

ಜರ್ಮನಿಯ ಸಂಗೀತಕಾರ ಬ್ರಾಮ್ಸ್‌ನ ವಯಲಿನ್ ಕಾನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ಒಂದು ವಯಲಿನ್ ಮುಂದಾಗಿ ನುಡಿಯುವ ಕೃತಿ. ಅದರ ಮೊದಲ ಭಾಗ ಮುಗಿಯುತ್ತಲೇ ಚಪ್ಪಾಳೆ ತಟ್ಟಿದೆ. “ಶ್! ಕಾಕಾ, ಇನ್ನೂ ಎರಡು ಭಾಗ ಇವೆ” ಎಂದ ಅಣ್ಣನ ಮಗ. ನಾವು ಕುಳಿತಿದ್ದದ್ದು ವಿಯೆನ್ನಾದಲ್ಲಲ್ಲ, ಬೆಳಗಾವಿಯ ಟಿಳಕವಾಡಿಯಲ್ಲಿ, ಅವನ ಮನೆಯ ಟಿವಿಯ ಮುಂದೆ. ನನ್ನ ಚಪ್ಪಾಳೆಯಿಂದ ಯಾರ ಏಕಾಗ್ರತೆ ಕೆಡುತ್ತಿತ್ತೋ ತಿಳಿಯದು. ಅಷ್ಟರಲ್ಲಿ ಟಿವಿಯೊಳಗಿನ ಸಭಾಂಗಣದಲ್ಲಿ ಕೆಮ್ಮು ಎದ್ದಿತು. ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅದುಮಿಟ್ಟ ಕೆಮ್ಮು; ಬಾಲ್ಕನಿಯಿಂದ ಒಂದು, ಮುಂದಿನ ಸಾಲಿನಿಂದ ನಾಲ್ಕು. ಕರಿ ಕೋಟಿನ ಹಿರಿಯರೊಬ್ಬರು ನಿಧಾನವಾಗಿ ಕರವಸ್ತ್ರ ಬಿಚ್ಚಿ ಮೂಗು ಸೀಟಿದರು. ಅವರಿಗೆ ಯಾರೂ ಶ್ ಎನ್ನಲಿಲ್ಲ.

ನನ್ನ ಸೋದರಮಾವ ಈ ಸಭೆಯಲ್ಲಿದ್ದಿದ್ದರೆ ಅವರನ್ನು ಹೊರಗೆ ಹಾಕುತ್ತಿದ್ದರು. ಊರಿನ ಬೈಠಕ್ಕುಗಳಲ್ಲಿ ಮುಂದಿನ ಜಮಖಾನೆಯೇ ಮಾಮಾನ ಜಾಗ. ಎಲೆ ಅಡಿಕೆಯ ಚಂಚಿ ಎಡಕ್ಕೆ, ಬಲಗೈ ತೊಡೆಯ ಮೇಲೆ. ತೊಂದರೆ ಒಂದೇ: ಗಾಯಕರು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವ ಅರ್ಧ ಮಾತ್ರೆ ಮೊದಲೇ ಅವರ “ವಾಹ್” ಬಂದುಬಿಡುತ್ತಿತ್ತು. ಒಮ್ಮೆ ತಬಲಾದವರು ಚಹಾದ ಹೊತ್ತಿನಲ್ಲಿ, “ರಾಯರೇ, ಸ್ವಲ್ಪ ತಡೆದರೆ ನಾವೂ ಬಂದು ಕೂಡಿಕೊಳ್ಳುತ್ತೇವೆ” ಎಂದರು. “ನೀವು ತಡವಾಗಿ ಬಂದರೆ ನಾನೇಕೆ ಕಾಯಬೇಕು?” ಎಂದರು ಮಾಮಾ. ಇಬ್ಬರಿಗೂ ಮಾತು ಬಿಟ್ಟಿತು. ಆದರೂ ಒಂದೇ ಬೋಲನ್ನು ಮೂರು ಸಲ ನುಡಿಸಿ ಸಮಕ್ಕೆ ಬರುವ ತಿಹಾಯಿ ಹಿಡಿದಾಗಲೆಲ್ಲ ತಬಲಾದವರ ಕಣ್ಣು ಜಮಖಾನೆಯ ಕಡೆಗೇ ಹೋಗುತ್ತಿತ್ತು. ಮುಂದೊಂದು ದಿನ ಮಾಮಾ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದು ಕುಳಿತರು. ವಾಹ್ ಇಲ್ಲ, ತೊಡೆ ತಟ್ಟಲೂ ತ್ರಾಣವಿಲ್ಲ. ಗಾಯಕರು ಕಂಗಾಲಾದರು. ಅದೇ ಬಂದಿಶನ್ನು ಎಳೆದೂ ಎಳೆದೂ ಹಾಡಿ, ತಂಬೂರಿ ಕೆಳಗಿಡುವ ಮೊದಲೇ, “ಏನು ಲೋಪವಾಯಿತು ರಾಯರೇ?” ಎಂದು ಕೇಳಿದರು. ಮಾಮಾ ದವಡೆ ತೋರಿಸಿದರು. ತಬಲಾದವರು ಅಂದು ನಕ್ಕಷ್ಟು ಎಂದೂ ನಕ್ಕಿರಲಿಲ್ಲ. ಮಾತು ಮಾತ್ರ ಆಡಲಿಲ್ಲ.

ಬ್ರಾಮ್ಸ್‌ಗೂ ಆ ಗಾಯಕರ ಪಾಡೇ ಒದಗಿತ್ತು. 1859ರಲ್ಲಿ ಲೈಪ್‌ಜಿಗ್‌ನಲ್ಲಿ ತನ್ನ ಮೊದಲ ಪಿಯಾನೊ ಕಾನ್ಸರ್ಟೊ ನುಡಿಸಿದಾಗ ಮೊದಲೆರಡು ಭಾಗ ಮುಗಿದರೂ ಸಭೆ ಮಿಸುಕಲಿಲ್ಲ. ಅದನ್ನು ಶಿಸ್ತೆಂದು ಅವನು ಮೆಚ್ಚಲಿಲ್ಲ. ಸೋಲೆಂದೇ ತನ್ನ ಗೆಳೆಯ, ವಯಲಿನ್ ವಾದಕ ಯೋವಾಖಿಮ್‌ಗೆ ಬರೆದ. ಇಪ್ಪತ್ತು ವರ್ಷದ ನಂತರ ಅದೇ ಯೋವಾಖಿಮ್ ವಿಯೆನ್ನಾದಲ್ಲಿ ಈ ವಯಲಿನ್ ಕಾನ್ಸರ್ಟೊ ನುಡಿಸಿದ. ವಾದ್ಯವೃಂದ ಸುಮ್ಮನಾಗಿ ವಯಲಿನ್ ಒಂದೇ ನುಡಿಯುವ ಕೆಡೆನ್ಜಾ ಎಷ್ಟು ರಂಗೇರಿತೆಂದರೆ ಜನರ ಚಪ್ಪಾಳೆ ಮುಂದಿನ ಸಂಗೀತದ ಮೇಲೂ ಹರಿಯಿತು. ಅದನ್ನು ಬ್ರಾಮ್ಸ್ ಹಿಗ್ಗಿನಿಂದ ಬರೆದುಕೊಂಡಿದ್ದಾನೆ. ಬರೆದವನಿಗೇ ಇಲ್ಲದ ಮಡಿ ಟಿಳಕವಾಡಿಯ ಸೋಫಾಕ್ಕೆ ಏಕೆ?

ಇದೆಲ್ಲ ಹೇಳಿದೆ. “ಆಗಿನ ಕಾಲ ಬೇರೆ ಕಾಕಾ” ಎಂದು ಅಣ್ಣನ ಮಗ ರಷ್ಯದ ಸಂಗೀತಕಾರ ಶೊಸ್ತಕೋವಿಚ್‌ನ ಮೊದಲ ವಯಲಿನ್ ಕಾನ್ಸರ್ಟೊ ಹಾಕಿದ. 1955ರಲ್ಲಿ ಅದನ್ನು ಮೊದಲು ನುಡಿಸಿದ ಓಯಿಸ್ತ್ರಾಖ್, ಅಷ್ಟು ಉದ್ದದ ಕೆಡೆನ್ಜಾ ಮುಗಿಸಿ ಬೆವರು ಒರೆಸಿಕೊಳ್ಳಲಾದರೂ ಬಿಡುವು ಬೇಕೆಂದು ಕೇಳಿಕೊಂಡಿದ್ದನಂತೆ. ಶೊಸ್ತಕೋವಿಚ್ ಒಪ್ಪಿ, ಕೊನೆಯ ಭಾಗದ ಆರಂಭವನ್ನು ವಾದ್ಯವೃಂದಕ್ಕೆ ಬಿಟ್ಟುಕೊಟ್ಟ. ಆ ಜಾಗ ಬಂದಾಗ ಟಿವಿಯ ಹುಡುಗಿ ವಯಲಿನ್ ಇಳಿಸಿ, ತುಂಡಾದ ಕಮಾನಿನ ಕೂದಲೊಂದನ್ನು ಸರಕ್ಕನೆ ಕಿತ್ತೆಸೆದಳು. ನಾನು ವಾಹ್ ಎಂದೆ. ಅಣ್ಣನ ಮಗ ನನ್ನತ್ತ ನೋಡಲಿಲ್ಲ. ರಿಮೋಟ್ ಎತ್ತಿ ಧ್ವನಿ ಹೆಚ್ಚಿಸಿದ.