ಆ ಬಾಕ್ಸು ತಗೊಂಡ್ರೆ ದನಿಗೆ ‘ವಾರ್ಮ್ತ್’ (ಬೆಚ್ಚನೆ ಗುಣ) ಬರತ್ತಾ?

ಮೊನ್ನೆ ಒಂದು ಭಾವಗೀತೆ ಮಿಕ್ಸ್ ಮಾಡ್ತಾ ಕೂತಿದ್ದೆ. ಹಾಡಿದ ಅಕ್ಕನ ದನಿ ಪಲ್ಲವಿಲಿ ಪಿಸುಮಾತು, ಚರಣದಲ್ಲಿ ತಾರಷಡ್ಜ ಮುಟ್ಟಿದ್ರೆ ಮೀಟರ್ ಕೆಂಪಗಾಗೋದು. ಸರಿ, ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಗೊಂಡ ಎಲ್‌ಎ-2ಎ ಅನ್ನೋ ಹಳೇ ಮಾದರಿ ಥರದ್ದೊಂದು ಕಂಪ್ರೆಸರ್ ಬಾಕ್ಸು ಇದ್ಯಲ್ಲ, ಜೋರಾದ ದನಿನ ತಗ್ಗಿಸಿ ಏರಿಳಿತ ಕಮ್ಮಿ ಮಾಡೋದು, ಕಂಪ್ಯೂಟರ್‌ಗೆ ಜೋಡಿಸಿದ ಆಡಿಯೋ ಇಂಟರ್‌ಫೇಸ್‌ನಿಂದ ದನಿನ ಆಚೆ ಕಳ್ಸಿ ಅದರಲ್ಲಿ ಹಾಯಿಸಿ ವಾಪಸ್ ತಗೊಂಡೆ. ಆಹಾ, ಏನ್ ದನಿ ಅಂತೀರ!

1960ರ ದಶಕದ ಡಿಸೈನು ಅದು. ಒಳಗೊಂದು ಪುಟ್ಟ ಬೆಳಕಿನ ಫಲಕ, ಎದುರಿಗೆ ಬೆಳಕು ಬಿದ್ರೆ ರೆಸಿಸ್ಟೆನ್ಸ್ ಇಳಿಯೋ ಸೆಲ್ಲು. ದನಿ ಏರಿದಷ್ಟೂ ಬೆಳಕು ಜಾಸ್ತಿ, ಅಷ್ಟೂ ಲೆವೆಲ್ ಅದುಮತ್ತೆ. ಬಿಡುವಾಗ ಮೊದಲರ್ಧ ಬೇಗ ಬಿಟ್ಟು ಉಳಿದದ್ದನ್ನ ನಿಧಾನಕ್ಕೆ ಬಿಡತ್ತೆ, ಅದಕ್ಕೇ ಹಾಡೋರ ಉಸಿರಿನ ಜೊತೆ ಅಷ್ಟು ಚೆನ್ನಾಗಿ ಹೊಂದೋದು.

ನಮ್ಮ ಮೃದಂಗದ ಗೆಳೆಯ ಪಕ್ಕದಲ್ಲೇ ಕೂತಿದ್ದ. “ಲೆವೆಲ್ ಮ್ಯಾಚ್ ಮಾಡಿದ್ಯೇನೋ?” ಅಂದ. ನೋಡಿದ್ರೆ ಬಾಕ್ಸಿಂದ ಬಂದಿದ್ದು ಒಂದೂವರೆ ಡಿಬಿ (ಡೆಸಿಬೆಲ್) ಜೋರಾಗಿತ್ತು! ಜೋರಾಗಿದ್ದೇ ಚೆನ್ನಾಗಿದೆ ಅನ್ಸತ್ತಲ್ಲ. ಸರಿ ಮಾಡ್ಕೊಂಡು, ಅದೇ ಮಾದರಿಯ ಪ್ಲಗಿನ್ (ಕಂಪ್ಯೂಟರಲ್ಲೇ ಆ ಕೆಲ್ಸ ಮಾಡೋ ಸಾಫ್ಟ್‌ವೇರ್) ಹಾಕಿದ್ದನ್ನೂ ಇದನ್ನೂ ಹಿಂದೆ ಮುಂದೆ ಮಾಡಿ ಹಾಕು ಅಂದೆ, ಸ್ಕ್ರೀನ್‌ಗೆ ಬೆನ್ನು ಹಾಕಿ ಕೂತೆ. ಹತ್ತರಲ್ಲಿ ಆರು ಸರಿ ಹೇಳಿದೆ. ಕಣ್ಮುಚ್ಚಿ ನಾಣ್ಯ ಚಿಮ್ಮಿದ್ರೂ ಹೆಚ್ಚೂಕಮ್ಮಿ ಐದು ಬರೋದು ಮಾರಾಯ್ರೆ.

ಹಾಗಂತ ಮಾರಲ್ಲ. ಅದರಲ್ಲಿ ಮುಖ್ಯವಾಗಿ ಎರಡೇ ನಾಬು, ಗ್ರಾಫಿಲ್ಲ ಪ್ರಿಸೆಟ್ಟಿಲ್ಲ, ಕಿವಿ ಕೊಟ್ಟು ತಿರುಗಿಸ್ಬೇಕು, ಸಾಕು ಅನ್ನಿಸಿದ ಕೂಡ್ಲೆ ರೆಕಾರ್ಡ್ ಮಾಡ್ಕೊಂಡು ಮುಂದಕ್ಕೆ ಹೋಗ್ಬೇಕು. ಪ್ಲಗಿನ್ ಆದ್ರೆ ರಾತ್ರಿ ಎರಡು ಗಂಟೆವರೆಗೂ ಕೆರೀತಾ ಕೂತಿರ್ತೀನಿ.

ಆದ್ರೆ ಇಎಮ್ಐ ಮೇಲೆ ಇಂಥದ್ದು ತಗೋಳೋಕೆ ಹೊರಟಿರೋ ಹುಡುಗರಿಗೆ ಹೇಳೋದಿಷ್ಟೇ, ಮೊದಲು ರೂಮಿನ ಮೂಲೆಗಳಿಗೆ ಶಬ್ದ ಹೀರೋ ರಾಕ್‌ವೂಲ್ ತುಂಬಿಸ್ರಪ್ಪ. ಬೇಸ್ ಎಷ್ಟಿದೆ ಅಂತಾನೇ ಕೇಳ್ಸದ ರೂಮಲ್ಲಿ ಲಕ್ಷದ ಬಾಕ್ಸಿಟ್ಟು ಏನ್ ಮಾಡ್ತೀರ. ಬಾಕ್ಸು ಬಂದ ಮೇಲೆ ಕೇಬಲ್ಲು, ಗ್ರೌಂಡ್ ಲೂಪು (ಅರ್ಥಿಂಗ್ ಎರಡು ದಾರೀಲಿ ಸೇರೋದು), ಅದ್ರಿಂದ ಬರೋ ಕರೆಂಟಿನ ಆ 50 ಹರ್ಟ್ಸ್ ‘ಗುಂಯ್’ ಹುಡ್ಕೋದ್ರಲ್ಲೇ ಒಂದು ಭಾನುವಾರ ಹೋಗತ್ತೆ.

ಮೂರು ವಾರ ಬಿಟ್ಟು ಆ ಅಕ್ಕ ಫೋನ್ ಮಾಡಿದ್ರು, “ಎರಡನೇ ಚರಣದಲ್ಲಿ ಒಂದು ಸಾಲು ಮತ್ತೆ ಹಾಡಿದೀನಿ, ಹಾಗೇ ಕೂರಿಸಿಕೊಡ್ತೀರಾ” ಅಂತ. ಅದೇ ದನಿ ಬರ್ಬೇಕಂದ್ರೆ ನಾಬ್‌ಗಳು ಅದೇ ಜಾಗದಲ್ಲಿರ್ಬೇಕಲ್ಲ, ಅವುಗಳ ಫೋಟೋ ಹೊಡ್ಕೊಂಡಿದ್ದೆ, ಮಗಳ ಬರ್ತ್‌ಡೇ ಫೋಟೋಗಳ ಮಧ್ಯೆ ಸಿಕ್ತು. ಫ್ಲಾಶ್ ಬಿದ್ದು ಗೇನ್ ನಾಬಿನ ಗೆರೆ ಇರೋ ಜಾಗದಲ್ಲೇ ಬೆಳ್ಳಗಿನ ಚುಕ್ಕಿ!