ಸಿರಿಂಜಿನ ಗೆರೆ ನೋಡುವ ಮುನ್ನ ಶೀಶೆಯ ಲೇಬಲ್ ಓದಿ

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ದಯವಿಟ್ಟು ಶೀಶೆಯನ್ನೂ ಸಿರಿಂಜನ್ನೂ ಒಟ್ಟಿಗೆ ಹಿಡಿದು ಅವುಗಳ ಮೇಲಿನ ಅಂಕಿಗಳನ್ನು ಓದಿ ನೋಡಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಹೆಚ್ಚಿನ ಶೀಶೆಗಳಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಔಷಧವಿರುತ್ತದೆ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಡ್ಜಿನಲ್ಲಿಯೂ (ಔಷಧದ ಕೊಳವೆ) ಕೆಲವು ಹೊಸ ಬಗೆಯ ಇನ್ಸುಲಿನ್ ಶೀಶೆಗಳಲ್ಲಿಯೂ ಅಷ್ಟೇ ದ್ರವದಲ್ಲಿ ಸಾಮಾನ್ಯವಾಗಿ 100 ಯೂನಿಟ್ ಇರುತ್ತದೆ. ಇದಕ್ಕೆ ತಕ್ಕಂತೆ ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಸಿರಿಂಜು ಅಳೆಯುವುದು ದ್ರವವನ್ನು ಮಾತ್ರ; ಶೀಶೆಯೂ ಸಿರಿಂಜೂ ಒಂದೇ ಬಗೆಯದಾಗಿದ್ದರಷ್ಟೇ ಗೆರೆಯ ಅಂಕಿ ಯೂನಿಟ್‌ಗೆ ಸರಿಹೊಂದುತ್ತದೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ. ಅವರು ಇಲ್ಲಿಂದ 40ರ ಶೀಶೆಗಳನ್ನು ಒಯ್ದಿರುತ್ತಾರೆ. ಸಿರಿಂಜು ಮುಗಿದಾಗ ಅಲ್ಲಿನ ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 100ರ ಸಿರಿಂಜು. ಅದರಲ್ಲಿ ಎಂದಿನಂತೆ 20ರ ಗೆರೆಯವರೆಗೆ ಎಳೆದುಕೊಂಡರೆ ದೇಹಕ್ಕೆ ಸೇರುವುದು 8 ಯೂನಿಟ್ ಮಾತ್ರ. ಸಕ್ಕರೆ ಏರಿದಾಗ ಎಲ್ಲರೂ ಬದಲಾದ ಊಟವನ್ನೋ ಹವೆಯನ್ನೋ ದೂರುತ್ತಾರೆಯೇ ಹೊರತು ಸಿರಿಂಜಿನತ್ತ ಯಾರ ಗಮನವೂ ಹೋಗುವುದಿಲ್ಲ. ಇದರ ತಿರುವುಮುರುವು ಇನ್ನೂ ಅಪಾಯಕಾರಿ. ಅಲ್ಲಿಂದ ತಂದ 100ರ ಶೀಶೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅದು ಅರ್ಧ ಎಂ.ಎಲ್., ಅಂದರೆ 50 ಯೂನಿಟ್. ಆಗ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತೊದಲು ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು. ರಾತ್ರಿ ನಿದ್ದೆಯಲ್ಲಿ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಪೆನ್ನು ಕೆಟ್ಟಿತೆಂದು ಕಾರ್ಟ್ರಿಡ್ಜಿನಿಂದ ಅದೇ ಸಿರಿಂಜಿನಲ್ಲಿ ಎಳೆದುಕೊಳ್ಳುವವರಿಗೂ ಇದೇ ಗತಿ.

ಎರಡೂವರೆಯಿಂದ ಗುಣಿಸಿ ಅಥವಾ ಭಾಗಿಸಿ ಸರಿಪಡಿಸಿಕೊಳ್ಳಿ ಎಂದು ಹೇಳಿಕೊಡುವವರಿದ್ದಾರೆ. ಲೆಕ್ಕವೇನೋ ಸರಿ, ಆದರೆ ಕಣ್ಣು ಮಂಜಾದ ಎಪ್ಪತ್ತರ ವೃದ್ಧರು ಬೆಳಿಗ್ಗೆ ತಿಂಡಿಗೆ ಮುಂಚೆ ಮಾಡಬೇಕಾದ ಲೆಕ್ಕ ಅದಲ್ಲ. ಶೀಶೆಗೆ ಹೊಂದುವ ಸಿರಿಂಜನ್ನೇ ತರಬೇಕು, ಅದು ಸಿಗದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕ ಇಳಿಸಲೆಂದು ಈಗ ಹೆಸರಾಗಿರುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿನಲ್ಲೂ ಇಂಥದೇ ಗೊಂದಲವಿದೆ. ಅದರ ಡೋಸು ಮಿಲಿಗ್ರಾಂನಲ್ಲಿರುತ್ತದೆ. ಅಮೆರಿಕದಲ್ಲಿ ಕೆಲವು ಔಷಧಾಲಯಗಳು ತಾವೇ ತಯಾರಿಸಿ ಶೀಶೆಯಲ್ಲಿ ಕೊಟ್ಟದ್ದನ್ನು ಜನ ಇನ್ಸುಲಿನ್ ಸಿರಿಂಜಿನಲ್ಲಿ ಎಳೆದುಕೊಳ್ಳುವಾಗ ಮಿಲಿಗ್ರಾಂ, ಎಂ.ಎಲ್., ಯೂನಿಟ್ ಮೂರನ್ನೂ ಕಲಸಿಕೊಂಡು 5ರಿಂದ 20 ಪಟ್ಟು ಹೆಚ್ಚು ಚುಚ್ಚಿಕೊಂಡ ಪ್ರಕರಣಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಕೆ ನೀಡಿತು. ಒಂದು ಎಂ.ಎಲ್.ನಲ್ಲಿ 5 ಮಿಲಿಗ್ರಾಂ ಇದ್ದರೆ 0.25 ಮಿಲಿಗ್ರಾಂ ಡೋಸು 100ರ ಸಿರಿಂಜಿನಲ್ಲಿ 5ರ ಗೆರೆ. ಶೀಶೆಯ ಸಾಂದ್ರತೆ ಬದಲಾದರೆ ಗೆರೆಯೂ ಬದಲಾಗುತ್ತದೆ. ಹಾಗಾಗಿ ಇನ್ನೊಬ್ಬರು ಹೇಳಿದ ಗೆರೆಯನ್ನು ನಂಬಿ ಚುಚ್ಚಿಕೊಳ್ಳುವಂತೆಯೇ ಇಲ್ಲ.

ವೈದ್ಯರು ಚೀಟಿಯಲ್ಲಿ ಡೋಸಿನ ಜೊತೆಗೆ ಶೀಶೆಯ ಸಾಂದ್ರತೆಯನ್ನೂ ಬರೆಯಬೇಕು. ಯೂನಿಟ್ ಎಂಬುದಕ್ಕೆ ಬರೀ ‘ಯು’ ಅಕ್ಷರ ಹಾಕಿದರೆ ಇಂಗ್ಲಿಷಿನಲ್ಲಿ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗುವ ಅಪಾಯವಿರುವುದರಿಂದ ಪೂರ್ತಿ ಪದವನ್ನೇ ಬರೆಯಬೇಕು. ಔಷಧಿ ಅಂಗಡಿಯವರಲ್ಲೂ ಒಂದು ವಿನಂತಿ: ಇನ್ಸುಲಿನ್ ಸಿರಿಂಜು ಕೇಳಿದವರಿಗೆ, “ನಿಮ್ಮದು 40ರ ಶೀಶೆಯೋ 100ರದ್ದೋ?” ಎಂದು ವಿಚಾರಿಸದೆ ಕೊಡಬೇಡಿ.