ಮೈಲಿಯ ಲೆಕ್ಕ, ಹೊತ್ತಿನ ಲೆಕ್ಕ

ಬೆಂಗಳೂರಿನಿಂದ ಧಾರವಾಡ ಎಷ್ಟು ದೂರ ಎಂದು ನಮ್ಮವರನ್ನು ಕೇಳಿ ನೋಡಿ, ಕಿಲೋಮೀಟರ್ ಹೇಳುವವರು ಕಡಿಮೆ. "ಐದಕ್ಕೆ ನೆಲಮಂಗಲ ದಾಟಿಬಿಟ್ಟರೆ ಊಟದ ಹೊತ್ತಿಗೆ ಧಾರವಾಡ" ಎನ್ನುತ್ತಾರೆ. ಅದೇ ಜನ ಕ್ಯಾಲಿಫೋರ್ನಿಯಾಕ್ಕೆ ಬಂದು ಎರಡು ವರ್ಷ ಕಳೆಯಲಿ, "ಐನೂರು ಮೈಲಿ, ನಡುವೆ ಒಂದು ಸಲ ಗ್ಯಾಸ್" (ಅಲ್ಲಿ ಪೆಟ್ರೋಲಿಗೆ ಹೀಗೆನ್ನುತ್ತಾರೆ) ಎನ್ನಲು ಶುರುಮಾಡುತ್ತಾರೆ. ಎರಡು ಲೆಕ್ಕವೂ ಸರಿಯೇ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹೊತ್ತೊಯ್ದಾಗಲೇ ಎಡವಟ್ಟು. ಬೇಸಿಗೆಯಲ್ಲಿ ಯೂಟಾ ರಾಜ್ಯ ಸುತ್ತಲು ಹೊರಡುವ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಬೇ ಏರಿಯಾದ ಕನ್ನಡ ಮನೆಗಳೂ, ಡಿಸೆಂಬರ್ ರಜೆಗೆ ಊರಿಗೆ ಹೋಗಿ ಕಾರು ಹತ್ತುವ ಅವೇ ಮನೆಗಳೂ ಎಡವುವುದು ಇಲ್ಲಿಯೇ.

ಮೊದಲು ಯೂಟಾದ ಸುತ್ತನ್ನೇ ನೋಡೋಣ. ಫ್ರೀಮಾಂಟ್‌ನಿಂದ ಲಾಸ್ ವೇಗಾಸ್, ಅಲ್ಲಿಂದ ಜಯಾನ್ ಮತ್ತು ಬ್ರೈಸ್ ಪಾರ್ಕುಗಳು, ಪೇಜ್ ಊರು, ಗ್ರ್ಯಾಂಡ್ ಕ್ಯಾನಿಯನ್, ಮತ್ತೆ ಮನೆ. ಒಟ್ಟು ಸುಮಾರು 3,000 ಕಿ.ಮೀ. ಇದನ್ನು ಐದು ದಿನದಲ್ಲಿ ಮುಗಿಸುತ್ತೇವೆ ಎಂದು ಹೊರಡುವವರು ಬಹಳ. ಮುಗಿಯುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ನೋಡಿದ್ದು ವಿಂಡ್‌ಶೀಲ್ಡ್ ಮಾತ್ರ. ಮೊದಲ ದಿನ ಮತ್ತು ಕೊನೆಯ ಎರಡು ದಿನ ಬರೀ ಡ್ರೈವಿಂಗಿಗೇ ಹೋಗುತ್ತವೆ. ಜಯಾನ್‌ನ ಮುಖ್ಯ ಕಣಿವೆಗೆ ವರ್ಷದ ಬಹುಪಾಲು ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿಗೆ ಕಾಯಬೇಕು. ಎಂಟು ದಿನಕ್ಕೆ ಕಡಿಮೆಯಾದರೆ ಒಂದು ಜಾಗವನ್ನು ಕೈಬಿಡುವುದೇ ಲೇಸು. ನಾನಾದರೆ ಬಿಡುವುದು ಲಾಸ್ ವೇಗಾಸನ್ನು. ಬಾರ್‌ಸ್ಟೋದಲ್ಲಿ, ದಾರಿಯ ಪುಟ್ಟ ಊರು ಅದು, ಮಲಗಿ ಎದ್ದು ಹೋದರಾಯಿತು.

ಮೈಲಿಯ ಲೆಕ್ಕ ಎಲ್ಲ ಸರಿಯಿದ್ದರೂ ಈ ದಾರಿಯಲ್ಲಿ ಗಡಿಯಾರ ಕೈಕೊಡುತ್ತದೆ. ಯೂಟಾ ಗಡಿ ದಾಟಿದೊಡನೆ ಒಂದು ಗಂಟೆ ಮುಂದೆ. ಅರಿಝೋನಾ ಯೂಟಾದಂತೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದಿಲ್ಲ, ಹಾಗಾಗಿ ಪೇಜ್ ಊರು ಯೂಟಾಕ್ಕಿಂತ ಒಂದು ಗಂಟೆ ಹಿಂದೆ. ಅದೇ ಅರಿಝೋನಾದೊಳಗಿನ, ನವಾಹೊ ಮೂಲನಿವಾಸಿಗಳ ಸೀಮೆ ಮಾತ್ರ ತಿರುಗಿಸುತ್ತದೆ. ಪೇಜ್ ಪಕ್ಕದ ಆಂಟಿಲೋಪ್ ಕ್ಯಾನಿಯನ್ ಇರುವುದು ನವಾಹೊ ನೆಲದಲ್ಲಿ, ಟೂರು ನಡೆಯುವುದು ಪೇಜ್ ಸಮಯಕ್ಕೆ! ಫೋನು ಯೂಟಾದ ಟವರ್ ಹಿಡಿದರೆ ಒಂದು ಸಮಯ, ಅರಿಝೋನಾದ್ದು ಹಿಡಿದರೆ ಇನ್ನೊಂದು. ಹಿಂದಿನ ರಾತ್ರಿಯೇ ಫೋನಿನಲ್ಲಿ ತಾನಾಗಿ ಸಮಯ ಬದಲಾಗುವುದನ್ನು ಆಫ್ ಮಾಡಿ ಫೀನಿಕ್ಸ್ ಎಂದು ಆರಿಸಿಟ್ಟುಕೊಂಡರೆ ಕೆಲಸ ಸಲೀಸು.

ಇಂಧನದ ವಿಷಯದಲ್ಲಿ ಊರಿನ ರೂಢಿ ಪೂರಾ ಮರೆಯಬೇಕು. ಊರಲ್ಲಿ ಹೆದ್ದಾರಿಯುದ್ದಕ್ಕೂ ಬಂಕುಗಳು, ರಿಸರ್ವ್ ದೀಪ ಹತ್ತಿದ ಮೇಲೂ ನಿಶ್ಚಿಂತೆಯಿಂದ ಓಡಿಸಬಹುದು. ಇಲ್ಲಿ ಯೂಟಾದ ಐ-70 ಹೆದ್ದಾರಿಯಲ್ಲಿ ಗ್ರೀನ್ ರಿವರ್‌ನಿಂದ ಸಲೈನಾವರೆಗೆ ನೂರು ಮೈಲಿಗೂ ಹೆಚ್ಚು ದೂರ ಬಂಕಿಲ್ಲ, ಹೋಟೆಲಿಲ್ಲ, ಊರೇ ಇಲ್ಲ. ಆರ್ಚಸ್ ಪಾರ್ಕನ್ನೂ ಸೇರಿಸಿಕೊಂಡವರು ಮರಳುವುದು ಹೆಚ್ಚಾಗಿ ಇದೇ ದಾರಿಯಲ್ಲಿ. ಟ್ಯಾಂಕು ಅರ್ಧಕ್ಕಿಳಿದರೆ ತುಂಬಿಸುವುದು ಎಂದು ಮೊದಲೇ ತೀರ್ಮಾನಿಸಿಬಿಡಿ, ಬೆಲೆ ನೋಡುತ್ತ ಕೂರಬೇಡಿ. ಸಿಗ್ನಲ್ ಇರದ ಕಡೆಗೆ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತಲೆಗೆ ಮೂರು ಲೀಟರಿನಂತೆ ನೀರು ಡಿಕ್ಕಿಯಲ್ಲಿರಲಿ.

ಇನ್ನು ಟೈರು. ಹೊರಗಿನ ಉಷ್ಣ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ವೇಗಾಸ್‌ನ ಮಧ್ಯಾಹ್ನ 105 ಡಿಗ್ರಿಯಲ್ಲಿ, ಓಡಿ ಕಾದ ಟೈರಿಗೆ ಲೆಕ್ಕಕ್ಕೆ ಸರಿಯಾಗಿ 33 ಹಿಡಿಸಿಕೊಂಡು ಹೊರಟಿರಿ ಎನ್ನಿ. ಮರುದಿನ ಬೆಳಗ್ಗೆ ಎಂಟು ಸಾವಿರ ಅಡಿ ಎತ್ತರದ ಬ್ರೈಸ್‌ನಲ್ಲಿ 35 ಡಿಗ್ರಿ. ಚಳಿಗೇ ಏಳು ಪಿಎಸ್‌ಐ ಹೋಯಿತು, ಟೈರಿನ ಬಿಸಿ ಆರಿ ಇನ್ನೂ ಮೂರ್ನಾಲ್ಕು ಹೋಯಿತು. ಹಳದಿ ದೀಪ ಹತ್ತಿತೆಂದು ಪಂಕ್ಚರ್ ಹುಡುಕುವುದು ಆಗಲೇ. ಬೆಳಗ್ಗೆ, ಕಾರು ಓಡುವ ಮುನ್ನ, ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿರುವಷ್ಟು ಗಾಳಿ ಹಿಡಿಸಿ. ಟೈರಿನ ಮೇಲೆ ಬರೆದಿರುವ ಸಂಖ್ಯೆ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬಾರದು. ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಅಂಟಿನ ಬಾಟಲಿ ಮತ್ತು ಪುಟ್ಟ ಪಂಪು ಅಷ್ಟೆ. ಟೈರಿನ ಪಕ್ಕೆ ಹರಿದರೆ ಆ ಅಂಟು ಉಪಯೋಗವಿಲ್ಲ. ಊರಲ್ಲಾದರೆ ಮುಂದಿನ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇರುತ್ತದೆ. ಇಲ್ಲಿ ಟೋ ಗಾಡಿಯೇ ಗತಿ. ಟೋ ಸದಸ್ಯತ್ವದಲ್ಲಿ ಅಗ್ಗದ್ದು ಕೆಲವೇ ಮೈಲಿ ಎಳೆಯುತ್ತದೆ, ಮರುಭೂಮಿಗೆ ಹೊರಟವರು ನೂರು ಮೈಲಿಯದನ್ನು ಕೊಳ್ಳಬೇಕು.

ಊಟಕ್ಕೆ ಮಾತ್ರ ನಮ್ಮ ಪದ್ಧತಿಯನ್ನು ಮೀರಿಸುವುದಿಲ್ಲ. ಎರಡು ದಿನಕ್ಕೆ ಚಪಾತಿ, ಚಟ್ನಿಪುಡಿ. ಆಮೇಲೆ ಪುಳಿಯೋಗರೆ ಗೊಜ್ಜು ಮತ್ತು ಪುಟ್ಟ ರೈಸ್ ಕುಕ್ಕರ್. ರೆಸ್ಟ್ ಏರಿಯಾದ ಮೇಜಿನ ಮೇಲೆ ಡಬ್ಬಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಎರಡು ಎಚ್ಚರ ಸಾಕು. ಯೊಸೆಮಿಟಿಯಂಥ ಕಡೆ ರಾತ್ರಿ ಡಬ್ಬಿಯನ್ನು ಕಾರಿನಲ್ಲಿ ಬಿಡಬಾರದು, ಕರಡಿ ಬಾಗಿಲನ್ನೇ ಕಿತ್ತು ಹಾಕುತ್ತದೆ. ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಅದರೊಳಗಿಡಿ. ಹೊರ ರಾಜ್ಯದ ನೆಂಟರು ಪ್ರೀತಿಯಿಂದ ಕೊಟ್ಟ ಕರಿಬೇವನ್ನು ಕ್ಯಾಲಿಫೋರ್ನಿಯಾ ಗಡಿಯೊಳಗೆ ತರಬೇಡಿ. ನಿಂಬೆ, ಕಿತ್ತಳೆ ತೋಟ ಕೆಡಿಸುವ ಕೀಟ ಅದರಲ್ಲೂ ಬೆಳೆಯುತ್ತದೆ. ಗಡಿಯ ತಪಾಸಣೆಯಲ್ಲಿ ಹಣ್ಣು, ಗಿಡ ಇದೆಯೇ ಎಂದು ಕೇಳುವುದು ಇಂಥದ್ದಕ್ಕೇ.

ಇಷ್ಟೆಲ್ಲ ಕಲಿತವರು ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಾರೆ. ಆಗ ಶುರು ಮೈಲಿಯ ಹುಚ್ಚು: "ನಾನೂರು ಕಿಲೋಮೀಟರ್ ತಾನೇ, ಸಂಜೆ ಹೊರಟು ರಾತ್ರಿ ತಲುಪೋಣ." ಅಲ್ಲಿ ದೂರ ಮುಖ್ಯವಲ್ಲ, ಹೊತ್ತು ಮುಖ್ಯ. ಡಿಸೆಂಬರ್ ಎಂದರೆ ಕಬ್ಬು ಅರೆಯುವ ಕಾಲ. ಮುಧೋಳ, ಗೋಕಾಕ, ಚಿಕ್ಕೋಡಿ ಕಡೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಹಿಂದೆ ಒಂದು ದೀಪವೂ ಇಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತಾರೆ. ಎದುರಿನ ಹೈಬೀಮ್ ಕಣ್ಣಿಗೆ ಹೊಡೆದಿರುವಾಗ ಆ ಕಬ್ಬಿನ ರಾಶಿ ಕಾಣುವುದು ಹತ್ತು ಮೀಟರಿಗೆ. ದಕ್ಷಿಣಕ್ಕೆ ಬಂಡೀಪುರದ ಮೂಲಕ ಹೋಗುವವರು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಹಗಲಿನದು ಬೇರೆ ಕಾಟ. ಹಳ್ಳಿ ರಸ್ತೆಯಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ, ಒಕ್ಕಣೆ ನಮ್ಮ ಚಕ್ರದಿಂದ. ಹುರುಳಿಯ ಒಣಬಳ್ಳಿ ಕಾರಿನಡಿ ಆಕ್ಸಲ್‌ಗೆ ಸುತ್ತಿಕೊಂಡು ಕಾದ ಸೈಲೆನ್ಸರ್‌ಗೆ ತಗುಲಿದರೆ ಹೊಗೆಯಾಡುತ್ತದೆ, ಕಾರು ಸುಟ್ಟುಹೋದದ್ದೂ ಉಂಟು. ಪಕ್ಕದಲ್ಲಿ ಜಾಗವಿದ್ದರೆ ತಪ್ಪಿಸಿ. ಇಲ್ಲದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಎಂಜಿನ್ ಆಫ್ ಮಾಡಿ ಕೋಲಿನಿಂದ ಎಳೆದು ತೆಗೆಯಿರಿ.

ಅಲ್ಲಿ ಸ್ವತಃ ಓಡಿಸುವವರಿಗೆ ಅಮೆರಿಕದ ಲೈಸೆನ್ಸ್ ಒಂದೇ ಸಾಲದು, ಇಲ್ಲಿಂದಲೇ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕು. ನನ್ನ ಮಾತು ಕೇಳುವುದಾದರೆ ಡ್ರೈವರ್ ಸಮೇತ ಕಾರು ತೆಗೆದುಕೊಳ್ಳಿ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್, ಮೇಲೆ ಬಾಟಾ ಎಂದು ಲೆಕ್ಕ ಹಾಕುತ್ತಾರೆ. ಸಿಟ್ಟು ಬರುವುದು ಒಂದಕ್ಕೇ: ಇಲ್ಲಿ ಎಂಟು ಗಂಟೆ ಓಡಿಸಿ "ಇನ್ನಾಗದು" ಎಂದು ಮೋಟೆಲ್ ಹಿಡಿಯುವ ನಾವೇ, ಅಲ್ಲಿ ಹಗಲೆಲ್ಲ ಸುತ್ತಿಸಿದ ಡ್ರೈವರ್‌ಗೆ "ಅಣ್ಣಾ, ರಾತ್ರಿಯೇ ಹೊರಟುಬಿಡೋಣ" ಎನ್ನುತ್ತೇವೆ. ಅವನಿಗೂ ಒಂದು ಕೋಣೆ ಕೊಡಿಸಿ. ಕಾರಿನ ಸೀಟಿನಲ್ಲಿ ಮಲಗಿ ಎದ್ದವನು ಬೆಳಗಿನ ಜಾವ ತೂಕಡಿಸದೆ ಇರುತ್ತಾನೆಯೇ?

ಎರಡೂ ಕಡೆಗೆ ಒಂದೇ ನಿಯಮ ನಡೆಯುವುದು ಘಾಟಿಯಲ್ಲಿ ಮಾತ್ರ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗಲೂ, ಯೊಸೆಮಿಟಿಯ ಟಯೋಗಾ ಘಾಟಿಯಿಂದ ಲೀ ವೈನಿಂಗ್‌ಗೆ ಇಳಿಯುವಾಗಲೂ, ಹತ್ತುವುದಾದರೆ ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಹಲವು ಆಟೊಮ್ಯಾಟಿಕ್‌ಗಳಲ್ಲಿ ಅದಕ್ಕೆ ಎಲ್, ಹಲವು ಹೈಬ್ರಿಡ್‌ಗಳಲ್ಲಿ ಬಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕಾದು, ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಸುಟ್ಟ ವಾಸನೆ ಬಂದರೆ ಅಗಲದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಅರ್ಧ ಗಂಟೆ ತಾನಾಗಿ ಆರಲಿ, ಅಷ್ಟರಲ್ಲಿ ಕೋಡುಬಳೆ ಡಬ್ಬಿ ಬಿಚ್ಚಿ.